ಸತುವಿನ ಬಿಲ್ಲೆಗೆ ಮೂರು ಕೋಟ್ ಬಣ್ಣ

"ತುಕ್ಕಿಗೆ ನಾನು ಹೆದರೋದಾ? ತುಕ್ಕು ನನಗೆ ಹೆದರಬೇಕು!"

ಬಣ್ಣದ ಮೇಸ್ತ್ರಿ ಹೀಗೆ ಗುಡುಗಿದ ರಭಸಕ್ಕೆ ಅವರ ಕೈಯಲ್ಲಿದ್ದ ಲೋಟದ ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿತು. ಒರೆಸಿದವರು ಹೆಂಡತಿ. ಗುಡುಗುವುದು ಅವರ ಕೆಲಸ, ಒರೆಸುವುದು ಈಕೆಯ ಕೆಲಸ. ಮದುವೆಯಾದಾಗಿನಿಂದ ಈ ಒಪ್ಪಂದವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದರು.

ಗುಡುಗಿಗೆ ಕಾರಣ ಅಂಗಳದಲ್ಲಿ ಗಾಲಿಬಂಡಿಯ ಮೇಲೆ ಕೂತಿತ್ತು. ಮೇಸ್ತ್ರಿಯ ವಿಹಾರದ ದೋಣಿ! ಅದರ ಎಂಜಿನ್ ಹೊಟ್ಟೆಯೊಳಗೆ. ಹಿಂಬದಿಯಿಂದ ಒಂದೇ ಒಂದು ಅಲ್ಯೂಮಿನಿಯಂ ಕಾಲು ನೀರಿಗೆ ಇಳಿಬಿದ್ದಿರುತ್ತದೆ. ಆ ಕಾಲಿನ ತುದಿಯಲ್ಲಿ ಫ್ಯಾನು. ದೋಣಿ ಓಡುವುದೂ ತಿರುಗುವುದೂ ಆ ಕಾಲಿನ ದಯೆಯಿಂದಲೇ. ಈಗ ಆ ಕಾಲಿಗೇ ರೋಗ! ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಗುಳ್ಳೆ ಒಡೆದರೆ ಒಳಗೆ ಬಿಳಿ ಹಿಟ್ಟು. ಹಿಟ್ಟು ಕೆರೆದರೆ ಗೆದ್ದಲು ತಿಂದಂಥ ಗುಳಿ. ಉಪ್ಪುನೀರಲ್ಲಿ ಒಂದೇ ಒಂದು ಋತು ಕಟ್ಟಿಹಾಕಿದ್ದಕ್ಕೆ ಈ ಗತಿ!

ಊರಿನ ನೀರಿನ ಟ್ಯಾಂಕಿಗೆ, ಸೇತುವೆಯ ಕಂಬಕ್ಕೆ, ಜೈಲಿನ ಗೇಟಿಗೆ ಬಣ್ಣ ಬಳಿದು ಸೈ ಎನಿಸಿಕೊಂಡ ಮೇಸ್ತ್ರಿಯ ಸ್ವಂತ ದೋಣಿಗೆ! ಇದು ತುಕ್ಕಲ್ಲ, ಅವಮಾನ.

"ಈ ಭಾನುವಾರ ಅದು ನೀರಿಗಿಳೀಬೇಕು ರೀ," ಎಂದರು ಹೆಂಡತಿ, ಒರೆಸುವ ಬಟ್ಟೆ ಹಿಂಡುತ್ತ. "ಇಳಿದ್ರೆ ಎಲ್ಲರೂ ಕೂತು ಒಂದು ಸುತ್ತು ಹೋಗಿ ಬರೋಣ. ಇಳೀಲಿಲ್ವೋ, ಮಾರಿಬಿಡಿ. ರಜಾ ಬಂತು ಅಂದ್ರೆ ನಿಮ್ಮ ಎರಡು ಪಾದ ನೋಡೋದಷ್ಟೇ ನನ್ನ ಭಾಗ್ಯ. ಮಿಕ್ಕಿದ್ದೆಲ್ಲ ದೋಣಿ ಕೆಳಗೆ!"

"ಮಾರೋದಾ? ಆ ದೋಣಿ ಮಾರೋ ದಿನ ನನ್ನ ಮೀಸೆ ಬೋಳಿಸ್ತೀನಿ!"

"ಮೀಸೆಗೂ ದೋಣಿಗೂ ಏನ್ರೀ ಸಂಬಂಧ?"

"ಎರಡೂ ನಂದು!"

ಇದಕ್ಕಿಂತ ಗಟ್ಟಿಯಾದ ಸಂಬಂಧ ಇನ್ನೇನಿದೆ? ಹೆಂಡತಿ ಒರೆಸುವ ಬಟ್ಟೆ ಹಿಡಿದು ಒಳಗೆ ಹೋದರು.

ಮೇಸ್ತ್ರಿಗೆ ಅಪರಾಧಿ ಯಾರೆಂದು ಆಗಲೇ ಗೊತ್ತಾಗಿತ್ತು: ದೋಣಿಯ ಬಿಡಿಭಾಗ ಮಾರುವ ಅಂಗಡಿಯವನು. ಆ ಕಾಲಿನ ಪಕ್ಕಕ್ಕೆ ಸತುವಿನ ಒಂದು ಬಿಲ್ಲೆ ಕೂರಿಸುವುದು ಪದ್ಧತಿ. ಹೋದ ಸಲ ದೋಣಿಯನ್ನು ನೀರಿನಿಂದ ಎತ್ತಿದಾಗ ಕಾಲು ನೆಟ್ಟಗಿತ್ತು, ಬಿಲ್ಲೆ ಮಾತ್ರ ಇಲಿ ಕಡಿದ ಸೋಪಿನ ಹಾಗಾಗಿತ್ತು. ಮೇಸ್ತ್ರಿ ಆ ತುಣುಕನ್ನು ಅಂಗಡಿಯ ಗಾಜಿನ ಮೇಲೆ ಠಣ್ಣನೆ ಕುಕ್ಕಿದ್ದರು.

"ಏನಯ್ಯಾ ಇದು? ಮಾಲಾ, ಮೋಸವಾ?"

"ಸಾರ್, ಅದು ಹಾಗೇ ಸವೀಬೇಕು..."

"ಸವೀಬೇಕಾ? ನಾನು ಬಳಿದ ಬಣ್ಣ ಉದುರಿದ್ರೆ 'ಅದು ಉದುರಬೇಕು ಸಾರ್' ಅಂತ ನಾನು ಹಲ್ಲು ಕಿರೀತೀನಾ? ಜೈಲಿನ ಗೇಟಿಗೆ ಬಳಿದಿದ್ದೀನಿ ಕಣಯ್ಯಾ! ಕಳ್ಳರು ಬಿಡುಗಡೆ ಆಗಿ ಹೋದ್ರು, ನನ್ನ ಬಣ್ಣ ಹೋಗಿಲ್ಲ!"

ಅಂಗಡಿಯವನು ಇನ್ನೊಮ್ಮೆ ಬಾಯಿ ತೆರೆದ. ಮೇಸ್ತ್ರಿ ಅದಕ್ಕೆ ಅವಕಾಶ ಕೊಡುವ ಪೈಕಿಯಲ್ಲ. ಹೊಸ ಬಿಲ್ಲೆ ಕಿತ್ತುಕೊಂಡವರೇ ಮನೆಗೆ ಬಂದು, ಸವೆಯುವ ಮಾಲನ್ನೂ ಸವೆಯದಂತೆ ಮಾಡುವುದು ಹೇಗೆಂದು ಲೋಕಕ್ಕೆ ತೋರಿಸಿಕೊಟ್ಟರು. ಎಮರಿ ಕಾಗದದಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಮೇಲೆ ಮೂರು ಕೋಟ್ ಕೆಂಪು ಬಣ್ಣ. ಬಿಲ್ಲೆ ಮದುಮಗಳ ಹಾಗೆ ಮಿಂಚಿತ್ತು!

ಬಿಲ್ಲೆಯ ವಿಷಯದಲ್ಲಿ ಅವನ ಆಟ ನಡೆಯಲಿಲ್ಲ, ಅದಕ್ಕೇ ಈ ಸಲ ಇನ್ಯಾವುದೋ ಕಳಪೆ ಮಾಲು ತಗುಲಿಸಿ ಕಾಲು ಹಾಳು ಮಾಡಿದ್ದಾನೆ ಎಂಬುದು ಮೇಸ್ತ್ರಿಯ ತೀರ್ಪು. ಸಾಕ್ಷಿ ಬೇಕಿರಲಿಲ್ಲ. ಸಿಟ್ಟಿತ್ತು.

ಶನಿವಾರ ಬೆಳಿಗ್ಗೆ ರಿಪೇರಿ ಶುರು. ಕಾಲು ಬಿಚ್ಚುವುದು, ಕೆರೆಯುವುದು, ಬಣ್ಣ ಬಳಿಯುವುದು, ಮತ್ತೆ ಜೋಡಿಸುವುದು. ಇಷ್ಟೇ! ಇದಕ್ಕೆ ಮೆಕ್ಯಾನಿಕ್ ಯಾಕೆ?

ಯಾಕೆಂದು ಮೊದಲ ಬೋಲ್ಟೇ ಹೇಳಿತು. ಸ್ಪ್ಯಾನರ್ ಹಾಕಿದರು, ಅಲುಗಲಿಲ್ಲ. ಎಣ್ಣೆ ಬಿಟ್ಟರು, ಅಲುಗಲಿಲ್ಲ. ಅದರ ತಯಾರಕರ ತಂದೆ ತಾಯಿಗಳನ್ನೆಲ್ಲ ನೆನೆಸಿಕೊಂಡರು, ಆಗಲೂ ಅಲುಗಲಿಲ್ಲ. ಒದ್ದು ತಿರುಗಿಸಿದಾಗ ಸ್ಪ್ಯಾನರ್ ಜಾರಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು.

"ಕಾಯಿಸಿದ್ರೆ ಬಿಡುತ್ತೆ," ಎಂದು ಮೇಸ್ತ್ರಿ ಒಳಗೆ ನುಗ್ಗಿ, ಹೆಂಡತಿ ಕೂದಲು ಒಣಗಿಸಿಕೊಳ್ಳುವ ಮೆಷಿನ್ ಎತ್ತಿಕೊಂಡು ಬಂದರು.

"ರೀ, ಅದು ನನ್ನ ತಲೆಗೆ ಇರೋದು!"

"ನಿನ್ನ ತಲೆಗೆ ಬಿಸಿಲು ಸಾಲದಾ?"

ಮೆಷಿನ್ ಬೋಲ್ಟಿನ ಮೇಲೆ ಊದಿತು, ಊದಿತು, ಕೊನೆಗೆ ಫಟ್ ಎಂದು ನೀಲಿ ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ಬೋಲ್ಟು ಮಾತ್ರ ತಣ್ಣಗೆ ಕೂತಿತ್ತು. ಮೇಸ್ತ್ರಿ ಸುತ್ತಿಗೆ ಎತ್ತಿದರು. ಒಂದೇ ಏಟು! ಬೋಲ್ಟಿನ ತಲೆ ಹಾರಿ ಅಡುಗೆಮನೆಯ ಕಿಟಕಿಗೆ ಬಡಿಯಿತು. ಮುಂಡ ಒಳಗೇ ಉಳಿಯಿತು.

"ಬಂತು!" ಎಂದು ಮೇಸ್ತ್ರಿ ಕೇಕೆ ಹಾಕಿದರು.

"ಗಾಜೂ ಬಂತು," ಎಂದರು ಹೆಂಡತಿ ಒಳಗಿನಿಂದ, ಪೊರಕೆಯ ಸದ್ದಿನ ನಡುವೆ.

ಮುಂದೆ ಕಾಲಿನೊಳಗಿನ ಗೇರ್ ಆಯಿಲ್ ಇಳಿಸಬೇಕಿತ್ತು. ಕೈಗೆ ಸಿಕ್ಕಿದ್ದು ಹಾಲು ಕಾಯಿಸುವ ಪಾತ್ರೆ. ಕಪ್ಪಗೆ ಬರಬೇಕಾದ ಆಯಿಲ್ ನೊರೆನೊರೆಯಾಗಿ, ಕಂದು ಬಿಳುಪಾಗಿ ಇಳಿಯಿತು. ನೀರು ಒಳಹೊಕ್ಕಿತ್ತು. ಹಿತ್ತಲಿನಲ್ಲಿ ಬಟ್ಟೆ ಒಣಹಾಕಿ ಬಂದ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಗ್ಗಿ ನೋಡಿದರು.

"ಅಳಿಯಂದ್ರೇ, ಕಾಫಿ ಹದವಾಗಿ ಬಂದಿದೆ. ಸಕ್ಕರೆ ಹಾಕಿದ್ರಾ?"

ಮೇಸ್ತ್ರಿ ಹಲ್ಲು ಕಡಿದರು. ಬೇರೆ ಯಾರೇ ಆಗಿದ್ದರೂ ಪಾತ್ರೆ ತಲೆಯ ಮೇಲಿರುತ್ತಿತ್ತು. ಆದರೆ ಹೆಣ್ಣು ಕೊಟ್ಟ ಅತ್ತೆ!

ಅಷ್ಟರಲ್ಲಿ ಗೇಟು ತೆರೆಯಿತು. ಷಡ್ಡಕ! ಹೆಂಡತಿಯ ತಂಗಿಯ ಗಂಡ. ಅವನಿಗೂ ಒಂದು ದೋಣಿ ಇತ್ತು. ಹಲ್ಲುಜ್ಜದ ದಿನವಾದರೂ ಇದ್ದೀತು, ಅವನು ದೋಣಿಯ ಕಾಲಿಗೆ ಸಿಹಿನೀರು ಹೊಯ್ಯದ ದಿನವಿರಲಿಲ್ಲ. ಮೇಸ್ತ್ರಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಅವನು ಯಾವತ್ತೂ ಸಿಟ್ಟಾಗುತ್ತಿರಲಿಲ್ಲ, ಅದೇ ದೊಡ್ಡ ಉರಿ.

"ಅಣ್ಣ, ಒಬ್ಬರೇ ಬಿಚ್ತಾ ಇದ್ದೀರಾ? ಭಾರ ಇರುತ್ತೆ, ತಡೀರಿ, ಹಿಡ್ಕೋತೀನಿ."

"ನೀನು ಅಲ್ಲೇ ನಿಂತು ನೋಡು. ಕಲಿಯೋಕಾದ್ರೂ ಆಗುತ್ತೆ!"

ಎಂದವರೇ ಸೋಫಾದ ದಿಂಬುಗಳನ್ನು ತಂದು ಕೆಳಗೆ ಹಾಸಿ, ಕೊನೆಯ ನಟ್ಟು ಬಿಚ್ಚಿ, ಕಾಲನ್ನು ತಬ್ಬಿಕೊಂಡು ಎಳೆದರು. ಬರಲಿಲ್ಲ. ಎಳೆದರು. ಬರಲಿಲ್ಲ. ಮೂರನೆಯ ಸಲ ಎಳೆದಾಗ, ಬರುವುದಿಲ್ಲ ಎಂದು ಮೇಸ್ತ್ರಿಗೆ ಖಾತ್ರಿಯಾಗಿದ್ದ ಹೊತ್ತಿಗೇ, ಬಂತು! ಮೇಸ್ತ್ರಿ ಕೆಳಗೆ, ಕಾಲು ಮೇಲೆ, ಕಾಫಿಯ ಪಾತ್ರೆ ಇಬ್ಬರ ನಡುವೆ.

ಹೆಂಡತಿ ಓಡಿಬಂದರು. "ಅಯ್ಯೋ, ಏನಾದ್ರೂ ಆಯ್ತಾ?"

"ನನಗೇನೂ ಆಗಿಲ್ಲ!"

"ನಿಮ್ಮನ್ನ ಯಾರು ಕೇಳಿದ್ರು? ದಿಂಬಿಗೆ!"

ಷಡ್ಡಕ ಕಾಲನ್ನು ಪಕ್ಕಕ್ಕೆ ಉರುಳಿಸಿದ. ಕೆಳಭಾಗದಲ್ಲಿ ಕೈ ತೂರುವಷ್ಟು ತೂತು. ಅವನು ಸುತ್ತ ಕಣ್ಣಾಡಿಸಿ, ಕೆಂಪು ಬಿಲ್ಲೆಯನ್ನು ಬೀಗದ ಕೈಯಿಂದ ಮೆಲ್ಲಗೆ ಕೆರೆದ.

"ಅಣ್ಣ, ಎಲ್ಲಾ ಕೊಳೆತಿದೆ, ಈ ಬಿಲ್ಲೆ ಮಾತ್ರ ಹೊಸದಾಗಿದೆ. ಇದಕ್ಕೆ ಬಣ್ಣ ಹಚ್ಚಿದ್ದು ಯಾರು?"

ಬೆಳಗಿನಿಂದ ಸಿಗದ ಮರ್ಯಾದೆ ಕೊನೆಗೂ ಸಿಕ್ಕಿತು! ಮೇಸ್ತ್ರಿ ಎದ್ದು ಮೀಸೆ ತೀಡಿದರು.

"ಯಾರು ಹಚ್ತಾರೆ? ನಾನೇ! ಪ್ರೈಮರ್ ಮೇಲೆ ಮೂರು ಕೋಟ್! ನೋಡು, ಕಾಲು ಕರಗಿಹೋದ್ರೂ ನನ್ನ ಬಿಲ್ಲೆಗೆ ಒಂದು ಗೀರಿಲ್ಲ. ಇದು ಕಣಯ್ಯಾ ಕೈ!"

ಷಡ್ಡಕ ಬಂಡಿಯ ಗಾಲಿಯ ಮೇಲೆ ಕುಸಿದು ಕೂತ. ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೇನೋ ಎಂದು ಅತ್ತೆ ನೀರು ತಂದರು.

"ಅಣ್ಣ," ಎಂದ ಕಣ್ಣೊರೆಸಿಕೊಂಡು, "ಉಪ್ಪುನೀರು ಏನನ್ನಾದ್ರೂ ತಿಂದೇ ತಿನ್ನುತ್ತೆ. ಕಾಲನ್ನ ಬಿಟ್ಟು ಇದನ್ನ ತಿನ್ನಲಿ ಅಂತಾನೇ ಈ ಬಿಲ್ಲೆ ಕೂರಿಸೋದು. ಇದು ಸವೆದ್ರೆ ಕಾಲು ಉಳಿಯುತ್ತೆ. ನೀವು ಬಣ್ಣ ಬಳಿದು ಇದನ್ನ ಉಳಿಸಿಬಿಟ್ರಿ. ನೀರು ಕಾಲಿಗೆ ಬಾಯಿ ಹಾಕ್ತು."



"ಅಂದ್ರೆ," ಎಂದರು ಅತ್ತೆ ನಿಧಾನವಾಗಿ, "ಕಾವಲು ನಾಯೀನ ಕಂಬಳಿ ಹೊದಿಸಿ ಒಳಗೆ ಮಲಗಿಸಿ, ಕಳ್ಳ ಬಂದ ಅಂತ ಅಂಗಡಿಯವನ್ನ ಬೈದ ಹಾಗಾಯ್ತು."

"ಅವನು ಹೇಳಬೇಕಿತ್ತು!" ಮೇಸ್ತ್ರಿ ಸಿಡಿದರು. "ಬಿಲ್ಲೆ ಮಾರೋನು ಬಾಯಿಬಿಟ್ಟು ಹೇಳಬೇಡ್ವಾ?"

"ಬಿಟ್ಟಿದ್ದ," ಎಂದರು ಹೆಂಡತಿ. "ಆವತ್ತು ಅಂಗಡೀಲಿ ನಾನೂ ಪಕ್ಕದಲ್ಲೇ ನಿಂತಿದ್ದೆ. ಬಿಟ್ಟ ಬಾಯೊಳಗೆ ನೀವು ಜೈಲಿನ ಗೇಟು ತುರುಕಿದ್ರಿ."

ಭಾನುವಾರ ಬಂತು. ಮೇಸ್ತ್ರಿ ದಂಪತಿ ಬಿಟ್ಟು ಮಿಕ್ಕವರೆಲ್ಲ ಷಡ್ಡಕನ ದೋಣಿಯಲ್ಲಿ ವಿಹಾರಕ್ಕೆ ಹೊರಟರು. ಹಿರಿಮಗಳು ಬರದೆ ಮನೆಯಲ್ಲೇ ಉಳಿದಳೆಂದು ಅತ್ತೆಗೆ ಮಾತ್ರ ಸ್ವಲ್ಪ ಬೇಸರ. ಮೇಸ್ತ್ರಿ ಒಂಟಿಕಾಲೂ ಇಲ್ಲದ ದೋಣಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಹೆಂಡತಿ ಒಂದು ಹಲಗೆ, ಕೆಂಪು ಬಣ್ಣದ ಡಬ್ಬಿ, ಬ್ರಷ್ಷು ತಂದು ಎದುರಿಗಿಟ್ಟರು.

"ಹಚ್ಚಿ ಈಗ, ಎಷ್ಟು ಕೋಟ್ ಬೇಕೋ ಅಷ್ಟು. 'ದೋಣಿ ಮಾರಾಟಕ್ಕಿದೆ' ಅಂತ ಬರೀರಿ."

"ನನ್ನ ಮೀಸೆ..."

"ಅದನ್ನ ಆಮೇಲೆ ಬೋಳಿಸಿಕೊಳ್ಳೋರಂತೆ. ಮೊದಲು ಬೋರ್ಡು."

ಮೇಸ್ತ್ರಿ ಬರೆದರು. ಸುಳ್ಳು ಹೇಳಬಾರದು, ಅಕ್ಷರ ಮುತ್ತಿನಂತಿತ್ತು. ಆದರೆ 'ಮಾರಾಟ'ದ ಹತ್ತಿರ ಬಂದಾಗ ತಡೆಯಲಾಗಲಿಲ್ಲ. ಬ್ರಷ್ಷು ಝಾಡಿಸಿದರು. ಮೂರು ಕೆಂಪು ಹನಿ ಹೆಂಡತಿಯ ಸೆರಗಿನ ಮೇಲೆ ಬಿದ್ದವು.

"ಈ ಮನೆಯಲ್ಲಿ ನನಗೆ ನ್ಯಾಯವೇ ಇಲ್ಲ! ಬಿಸಿಲು ಮಳೆ ಅನ್ನದೆ ದುಡಿದವನು ನಾನು! ನೀವೆಲ್ಲ ನೆಟ್ಟಗಿರಲಿ ಅಂತ ಸವೆದವನು ನಾನು! ಹೋಲಿಸಿ ನೋಡಿದ್ರೆ ಆ ಸತುವಿನ ಬಿಲ್ಲೆ ಬೇರೆ ಯಾರೂ ಅಲ್ಲ, ನಾನೇ!"

ಹೆಂಡತಿ ಸೆರಗಿನ ಮೇಲಿನ ಹನಿಗಳನ್ನು ಒರೆಸಿಕೊಂಡರು. ಆಮೇಲೆ ತಲೆ ಎತ್ತಿ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದರು: ಹೊಳೆಯುವ ಹಣೆ, ತುಂಬಿದ ಕೆನ್ನೆ, ಹುರಿಮೀಸೆ, ಗುಂಡು ಹೊಟ್ಟೆ. ಎಲ್ಲೂ ಒಂದು ಗೀರಿಲ್ಲ.

"ಹೌದು ಕಣ್ರೀ, ನೀವೇ," ಎಂದರು. "ಮೂರು ಕೋಟ್ ಹಚ್ಚಿದ್ದು."