'ಎಂದಿನಂತೆ' ಗುಂಪಿನ ಅಪ್ಪ

ನನ್ನ ಮಗಳು ವಿಜ್ಞಾನಕ್ಕೆ ಸೇವೆ ಸಲ್ಲಿಸಬೇಕು ಎಂದು ನಾನು ತೀರ್ಮಾನಿಸಿದಾಗ ಅವಳಿಗೆ ಇನ್ನೂ ಕತ್ತು ನಿಂತಿರಲಿಲ್ಲ!

ತುಮಕೂರಿನ ಒಂದು ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗದವರು ಸಂಶೋಧನೆಯೊಂದನ್ನು ಶುರು ಮಾಡಿದ್ದರು. ಅಪ್ಪನೇ ದಿನಾ ಕೈಯಾರೆ ಎಣ್ಣೆ ಹಚ್ಚಿ ನೀವಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆಯೇ, ತೂಕ ಏರುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಮಗಳು ಇಂಪನಾಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಡಾಕ್ಟರ್ ನೇತ್ರಾವತಿ ಇದನ್ನೆಲ್ಲ ವಿವರಿಸಿದರು. ನಾನು ಎದೆಯುಬ್ಬಿಸಿದೆ. "ನಾವು ರೆಡಿ ಮೇಡಂ! ನಾನು ಗುಬ್ಬೀಲಿ ಕಾಲೇಜು ಲೆಕ್ಚರರು. ರಿಸರ್ಚ್ ಅಂದ್ರೆ ಏನು ಅಂತ ನನಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ."

ನನ್ನ ಹಿಂದೆಯೇ ಸಂಗಮೇಶ್ ಕೂತಿದ್ದ. ನಾವಿರುವ ಮನೆಯ ಮೇಲಿನ ಮಹಡಿಯ ಬಾಡಿಗೆದಾರ. ಕುಣಿಗಲ್‌ನ ಬ್ಯಾಂಕೊಂದರಲ್ಲಿ ಕೆಲಸ. ಅವನ ಮಗನೂ ನನ್ನ ಮಗಳೂ ಒಂದೇ ವಾರದಲ್ಲಿ ಹುಟ್ಟಿದವರು. ನಾನು ರೆಡಿ ಎಂದ ಮೇಲೆ ಅವನು ಸುಮ್ಮನಿರುತ್ತಾನೆಯೇ? ಅವನೂ ಎದ್ದು ನಿಂತ.

ಯಾರು ಯಾವ ಗುಂಪು ಎಂಬುದನ್ನು ಮುಚ್ಚಿದ ಲಕೋಟೆ ತೀರ್ಮಾನಿಸುತ್ತದಂತೆ. ಅವನ ಲಕೋಟೆ ಒಡೆದರೆ 'ಅಪ್ಪನ ಮಸಾಜ್'! ಹೂವಿನ ಚಿತ್ರದ ಚಾಪೆ, ಎಣ್ಣೆ ಬಾಟಲಿ, ಒಂದು ದಿನದ ತರಬೇತಿ, ಮೇಲಾಗಿ ಎಲ್ಲವನ್ನೂ ತುಂಬಿಕೊಳ್ಳಲು ಕಾಲೇಜಿನ ಹೆಸರಿದ್ದ ನೀಲಿ ಬ್ಯಾಗು. ನನ್ನದು ಒಡೆದರೆ 'ಎಂದಿನಂತೆ' ಎಂದಿತ್ತು.

"ಎಂದಿನಂತೆ ಅಂದ್ರೆ ಏನ್ ಮಾಡ್ಬೇಕು ಮೇಡಂ?"

"ಮನೇಲಿ ಇಷ್ಟು ದಿನ ಹೇಗಿದ್ರೋ ಹಾಗೇ ಇರಿ. ಅಮ್ಮ, ಅಜ್ಜಿ ಎಣ್ಣೆ ಹಚ್ಚೋದು ಹಚ್ಚಲಿ. ನೀವು ಮಾತ್ರ ಹೊಸದಾಗಿ ಏನೂ ಶುರು ಮಾಡ್ಬೇಡಿ. ಹೋಲಿಸಿ ನೋಡೋಕೆ ನಿಮ್ಮ ಗುಂಪೂ ಅಷ್ಟೇ ಮುಖ್ಯ."

"ಹಾಗಾದ್ರೆ ಯೋಚ್ನೇನೇ ಇಲ್ಲ ಡಾಕ್ಟ್ರೇ," ಎಂದಳು ನನ್ನ ಹೆಂಡತಿ ಅನುಪಮಾ. "ಏನೂ ಮಾಡ್ದೆ ಇರೋದ್ರಲ್ಲಿ ಇವರನ್ನ ಮೀರಿಸೋರಿಲ್ಲ!"

ಎರಡೂ ಸಂಸಾರ ಒಂದೇ ಆಟೋದಲ್ಲಿ ಮನೆಗೆ ಬಂದೆವು. ಸಂಗಮೇಶ್ ಆ ನೀಲಿ ಬ್ಯಾಗನ್ನು ರಾಜ್ಯೋತ್ಸವ ಪ್ರಶಸ್ತಿಯಂತೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದ. ನನ್ನ ಹೊಟ್ಟೆಯೊಳಗೆ ಯಾರೋ ಸೌದೆ ಒಲೆ ಹಚ್ಚಿದರು. ಅವನ ಮಗ ಬೆಳೆದು ಡಾಕ್ಟರೋ ಡಿ.ಸಿ.ಯೋ ಆಗುತ್ತಾನೆ, ನನ್ನ ಮಗಳು ಎಂದಿನಂತೆ ಇರುತ್ತಾಳೆ! ಮುಚ್ಚುಮರೆ ಯಾಕೆ, ನನಗೆ ವಿಪರೀತ ಹೊಟ್ಟೆಕಿಚ್ಚಾಗಿತ್ತು.

ಮರುದಿನದಿಂದಲೇ ಟೆರೇಸಿನ ಎಳೆಬಿಸಿಲಲ್ಲಿ ಸಂಗಮೇಶನ ಮಸಾಜ್ ಶುರುವಾಯಿತು. ಅದೇ ದಿನದಿಂದ ನಾನು ನೀರಿನ ಟ್ಯಾಂಕ್ ನೋಡಲು ಟೆರೇಸಿಗೆ ಹೋಗತೊಡಗಿದೆ.

"ಏನ್ ಪ್ರಭು ಸಾರ್, ದಿನಾ ಟ್ಯಾಂಕ್ ಇಣುಕ್ತೀರಲ್ಲ, ಲೀಕಾ?"

"ಪಾಚಿ ಕಣ್ರೀ, ಪಾಚಿ!"

ಟ್ಯಾಂಕಿನ ಮರೆಯಲ್ಲಿ ನಿಂತು ನಾನು ಸಂಪಾದಿಸಿದ ವಿದ್ಯೆ ಸಾಮಾನ್ಯದ್ದಲ್ಲ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು, ಕಾಲಿನಿಂದ ಶುರು ಮಾಡಬೇಕು, ಹೊಟ್ಟೆಯನ್ನು ಒತ್ತದೆ ಸುತ್ತ ಸವರಬೇಕು, ಮುಖ ನೋಡುತ್ತ ಮಾತಾಡಬೇಕು. ಸಂಗಮೇಶ, "ಯಾರಪ್ಪಾ ಇದು? ಬ್ಯಾಂಕ್ ಮ್ಯಾನೇಜರಾ?" ಎಂದರೆ ಆ ಪೋರ ಕೇಕೆ ಹಾಕುತ್ತಿದ್ದ. ನನ್ನ ಮಗಳೋ, ಚಿಲ್ಲರೆ ಕೇಳಿದ ಕಂಡಕ್ಟರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು. ಇನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ.

ಮೊಮ್ಮಗಳನ್ನು ನೋಡಿಕೊಳ್ಳಲು ಸಿ.ಎಸ್. ಪುರದಿಂದ ಬಂದಿದ್ದ ನನ್ನ ಅಮ್ಮ ಸಂಜೆ ಮಠಕ್ಕೆ ಹೋಗುತ್ತಿದ್ದಳು. ಅದೇ ಹೊತ್ತಿಗೆ ಅನುಪಮಾ ಮಹಡಿ ಹತ್ತಿ ಸಂಗಮೇಶನ ಹೆಂಡತಿ ರೂಪಶ್ರೀ ಜೊತೆ ಹರಟೆಗೆ ಕೂರುತ್ತಿದ್ದಳು. ಮಗು ನನ್ನ ಪಾಲಿಗೆ! ಬಾಗಿಲು ಹಾಕಿಕೊಂಡು, ಕೊಬ್ಬರಿ ಎಣ್ಣೆ ಬಾಟಲಿ ಇಳಿಸಿ, ಕಳ್ಳಭಟ್ಟಿ ಕಾಯಿಸುವವನಂತೆ ಮಸಾಜಿಗೆ ಇಳಿದೆ.

ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದ ನಾನು ಮೊದಲ ದಿನ ಬೆರಳ ತುದಿಯಲ್ಲೇ ಸವರಿದೆ. ಆಮೇಲೆ ಒಗ್ಗಿತು. ಒಂದು ಸಂಜೆ ಪಾದ ಸವರುತ್ತ, "ಯಾರಮ್ಮಾ ಇದು? ಬ್ಯಾಂಕ್ ಮ್ಯಾನೇಜರ್‌ಗೇ ಬಾಸಾ?" ಎಂದೆ. ಇಂಪನಾ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕೇಬಿಟ್ಟಳು! ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು. ಆ ಗಳಿಗೆಯಲ್ಲಿ ಸಂಗಮೇಶನೂ ನೆನಪಿರಲಿಲ್ಲ, ಅವನ ಬ್ಯಾಗೂ ನೆನಪಿರಲಿಲ್ಲ. ಸ್ವಲ್ಪ ಹೊತ್ತಿಗೆ ಎರಡೂ ನೆನಪಾದವು.

"ಏನ್ರೀ, ಸಂಜೆ ಹೊತ್ತಲ್ಲೂ ಮಗು ಮೈ ಜಿಡ್ಡು ಜಿಡ್ಡು?" ಎಂದು ಅನುಪಮಾ ಕೇಳಿದಾಗಲೆಲ್ಲ, "ಅಮ್ಮನ್ನ ಕೇಳು" ಎಂದು ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದೆ. ಅತ್ತೆಯನ್ನು ಕೇಳುವ ಧೈರ್ಯ ಅವಳು ಮಾಡಲಾರಳು ಎಂಬುದು ನನ್ನ ಲೆಕ್ಕಾಚಾರ.

ಒಂದು ಭಾನುವಾರ ಬೆಳಿಗ್ಗೆ, ಸಂಶೋಧನೆಯ ಪರವಾಗಿ ಮಕ್ಕಳ ತೂಕ ನೋಡಲು ಮಾನಸಾ ಎಂಬ ಹುಡುಗಿ ತಕ್ಕಡಿಯೊಂದಿಗೆ ಬಂದಳು. ಮೊದಲು ಮೇಲಿನ ಮನೆ, ಆಮೇಲೆ ನಮ್ಮದು. ಅನುಪಮಾ ನೋಡಲೆಂದು ಅವಳ ಹಿಂದೆಯೇ ಮೇಲೆ ಹೋದಳು. ಭಾನುವಾರವಾದ್ದರಿಂದ ಅಮ್ಮ ಬೆಳಿಗ್ಗೆಯೇ ಮಠಕ್ಕೆ ಹೋಗಿದ್ದಳು. ಮೇಲಿನಿಂದ ಮಾನಸಾಳ ಧ್ವನಿ ಕೇಳಿಸಿತು: "ಅಬ್ಬಾ! ಎಷ್ಟ್ ಚೆನ್ನಾಗ್ ತೂಕ ಬಂದಿದೆ ಸಾರ್ ನಿಮ್ಮ ಮಗೂಗೆ!"

ನನ್ನ ತಲೆ ಕೆಟ್ಟಿತು. ಅವರು ಕೆಳಗಿಳಿಯುವಷ್ಟರಲ್ಲಿ ಇನ್ನೊಂದು ಮಸಾಜ್ ಮಾಡಿದರೆ ಒಂದಿಷ್ಟು ಗ್ರಾಂ ಏರಬಹುದು ಎನಿಸಿತು! ಲೆಕ್ಚರರ್ ಬುದ್ಧಿ! ಕೊಬ್ಬರಿ ಎಣ್ಣೆ ಮುಗಿದಿತ್ತು. ಪಕ್ಕದ ಬಾಟಲಿ ಬಗ್ಗಿಸಿದೆ. ಅದು ಅಮ್ಮ ಊರಿನಿಂದ ತಂದ ಹರಳೆಣ್ಣೆ! ಮೊದಲು ಬೀಳಲೇ ಇಲ್ಲ; ಬಿದ್ದ ಮೇಲೆ ನಿಲ್ಲಲೇ ಇಲ್ಲ. ಅಂಗೈ ತುಂಬಿ, ಮೊಣಕೈ ದಾಟಿ, ಚಾಪೆ ಮೀರಿ ನೆಲಕ್ಕೆ ಹರಿಯಿತು. ಮಗಳು ಹಬ್ಬಕ್ಕೆ ಬೆಳಗಿಟ್ಟ ಹಿತ್ತಾಳೆ ದೀಪದಂತೆ ಹೊಳೆಯತೊಡಗಿದಳು. ಟವೆಲ್‌ನಲ್ಲಿ ಒರೆಸಿದಷ್ಟೂ ಹೊಳಪು ಹೆಚ್ಚಿತು!

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಮಗಳನ್ನು ಚಾಪೆಯ ನಡುವೆ ಭದ್ರವಾಗಿ ಮಲಗಿಸಿ, ಬಾಟಲಿ ಬಚ್ಚಿಡಲು ಅಡುಗೆಮನೆಗೆ ಓಡಿದೆ. ಓಡಬೇಕೆಂದಿದ್ದೆ ಎನ್ನುವುದು ಸರಿ. ಎಣ್ಣೆಯ ಮೇಲೆ ಕಾಲಿಟ್ಟವನು ದೊಪ್ಪನೆ ಕೂತು, ಕೂತ ಭಂಗಿಯಲ್ಲೇ ಹಾಲ್ ಉದ್ದಕ್ಕೂ ಜಾರಿ, ಬಾಗಿಲು ತೆರೆದ ಮಾನಸಾಳ ಪಾದದ ಬಳಿ ಬಂದು ನಿಂತೆ. ಬಾಟಲಿ ಕೈಯಲ್ಲೇ ಇತ್ತು.

"ನಮಸ್ಕಾರ," ಎಂದೆ.

"ಏನ್ರೀ ಇದು ಅವತಾರ?" ಮಾನಸಾಳ ಹಿಂದಿನಿಂದ ಅನುಪಮಾ ಕೂಗಿದಳು.

ಮಾನಸಾ ಮಗುವನ್ನು ನೋಡಿದಳು, ನನ್ನ ಮೊಣಕೈ ನೋಡಿದಳು. "ಸಾರ್, ಎಣ್ಣೆ ಯಾರ್ ಹಚ್ಚಿದ್ದು?"

"ನಮ್ಮಮ್ಮ!"

ಬಾಯಿ ಮುಚ್ಚುವಷ್ಟರಲ್ಲಿ ಅಮ್ಮ ಮಠದಿಂದ ಬಂದೇಬಿಟ್ಟಳು. "ಏನ್ಲಾ ಪ್ರಭು, ನಾನ್ಯಾವಾಗ್ಲಾ ಹಚ್ದೆ? ಹೊತ್ತಾರೇನೇ ಎದ್ದು ಮಠಕ್ ಹೋದೋಳು ಈಗ್ ಬತ್ತಾ ಇದೀನಿ. ಅಯ್ಯೋ ಶಿವ್ನೇ, ನನ್ ಹರಳೆಣ್ಣೆ!"

ಮರುದಿನ ಗಂಡ ಹೆಂಡತಿ ಡಾಕ್ಟರ್ ನೇತ್ರಾವತಿಯವರ ಮುಂದೆ ಕೂತಿದ್ದೆವು. ನಾನು ಎಲ್ಲವನ್ನೂ ಬಾಯಿಬಿಟ್ಟೆ, ಟ್ಯಾಂಕಿನ ಪಾಚಿಯ ಸಮೇತ.

"ನನ್ನ ಮಗಳನ್ನ ಸಂಶೋಧನೆಯಿಂದ ತೆಗೆದ್ಬಿಡ್ತೀರಾ ಮೇಡಂ?" ಎಂದೆ.

"ತೆಗೆಯಲ್ಲ. ನಡೆದದ್ದನ್ನ ನಡೆದ ಹಾಗೇ ಬರ್ಕೋತೀವಿ. ಆದ್ರೆ ಒಂದು ವಿಷಯ ಹೇಳಿ. ಮಗೂನ ಎತ್ಕೊಳ್ಳೋಕೂ ಹೆದರ್ತಿದ್ರಂತೆ, ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ ಹೇಗೆ ಬಂತು?"

"ಪ್ರೀತಿ ಎಲ್ಲಿಂದ ಬರ್ಬೇಕು ಡಾಕ್ಟ್ರೇ, ಹೊಟ್ಟೆಕಿಚ್ಚು!" ಎಂದಳು ಅನುಪಮಾ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯೋ, ನಮ್ಮಲ್ಲಿ ಆ ಗುಂಪೇ ಇಲ್ವಲ್ಲಮ್ಮ!"

"ಅದಿರಲಿ ಮೇಡಂ," ಎಂದೆ ಮೆಲ್ಲಗೆ. "ಇಬ್ಬರಲ್ಲಿ ಯಾರ ತೂಕ ಜಾಸ್ತಿ?"

"ಇಬ್ಬರೂ ಚೆನ್ನಾಗ್ ಬೆಳೀತಿದಾರೆ."

"ಆದ್ರೂ, ಒಂದೇ ಒಂದ್ ಗ್ರಾಂ..."

ಅನುಪಮಾ ನನ್ನ ರಟ್ಟೆ ಹಿಡಿದು ಹೊರಗೆ ಎಳೆದೊಯ್ದಳು.

ಇಷ್ಟಾದ ಮೇಲೆ ನಾನು ಪಾಠ ಕಲಿತೆನೇ? ಇಲ್ಲ. ಕಲಿತವಳು ಅನುಪಮಾ. ಆ ವಾರವೇ ಒಂದು ಬೆಳಿಗ್ಗೆ ಕಾಫಿ ಲೋಟ ಕೈಗಿಡುತ್ತ, "ಗೊತ್ತಾ ರೀ, ಮಗು ಬಟ್ಟೆ ಎಲ್ಲಾ ಸಂಗಮೇಶ್ ಅವರೇ ಒಗೀತಾರಂತೆ. ರೂಪಶ್ರೀ ಹೇಳಿದ್ಲು," ಎಂದಳು. ಇದು ಗಾಳ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಫಿ ಮುಗಿಯುವ ಮೊದಲೇ ಬಕೆಟ್ ಕೈಯಲ್ಲಿತ್ತು.

ಒಗೆದು, ಹಿಂಡಿ, ಟೆರೇಸಿನ ಹಗ್ಗದ ಮೇಲೆ ಹರವುತ್ತಿದ್ದೆ. ಇನ್ನೊಂದು ಬಕೆಟ್ ಹಿಡಿದು ಸಂಗಮೇಶ್ ಬಂದ. ಮುಖ ಗಂಟಿಕ್ಕಿತ್ತು.

"ದಿನಾ ನೀವೇ ಒಗೀತೀರಂತೆ, ಹೌದಾ?" ಎಂದೆ.

"ನಾನಾ? ನಾನು ಇವತ್ತೇ ಶುರು ಮಾಡಿದ್ದು ಸಾರ್! ದಿನಾ ಒಗೆಯೋರು ನೀವು ಅಂತ ಅನುಪಮಾ ಅವ್ರು ರೂಪಶ್ರೀಗೆ ಹೇಳಿದ್ರಂತೆ." ಅವನು ಬಕೆಟ್ ಕೆಳಗಿಟ್ಟ. "ಒಗೆಯೋದಷ್ಟೇ ಅಲ್ಲ, ಇಸ್ತ್ರೀನೂ ಮಾಡ್ತೀರಂತೆ. ನಿಜಾನಾ?"

ಇಬ್ಬರೂ ಹೆಂಗಸರು ಸೇರಿ ಹೂಡಿದ್ದ ಆಟ ನನಗೆ ಪೂರ್ತಿ ಅರ್ಥವಾಯಿತು. "ಸುಳ್ಳು ಕಣ್ರೀ" ಎಂದು ಒಂದು ಮಾತು ಹೇಳಿದ್ದರೆ ಇಬ್ಬರೂ ಅಲ್ಲೇ ಬಚಾವಾಗುತ್ತಿದ್ದೆವು. ಆದರೆ ಸಂಗಮೇಶನ ಕಣ್ಣಲ್ಲಿ ಹೊಟ್ಟೆಕಿಚ್ಚು ಕಂಡುಬಿಟ್ಟೆ. ಅದೂ ನನ್ನ ಮೇಲೆ! ಅದೆಷ್ಟು ಸೊಗಸಾಗಿತ್ತು!

"ದಿನಾ ಮಾಡ್ತೀನಿ," ಎಂದೆ. "ಯಾಕೆ, ನೀವು ಮಾಡಲ್ವಾ?"

ತಲೆಯೆತ್ತಿ ಕೆಳಗಿಳಿದು ಬಂದೆ. "ಅನೂ, ಇಸ್ತ್ರಿ ಪೆಟ್ಟಿಗೆ ಎಲ್ಲಿಟ್ಟಿದೀಯೇ?"

"ಟೇಬಲ್ ಮೇಲೇ ಇದೆ ರೀ," ಎಂದಳು ಅನುಪಮಾ ಒಳಗಿನಿಂದ. "ಆಗ್ಲೇ ಬಿಸಿಗಿಟ್ಟಿದೀನಿ."