ದಣಿ ಆದ್ಯೇನು?

ಮಂದಿಯ ಉಸಿರು ಅಳೆಯಲು ಹೊರಟವರಿಗೆ ನಗೆಪಾಟಲು ತಪ್ಪಿದ್ದಲ್ಲ. ಪುಣೆಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಸಹಾಯಕನಾಗಿದ್ದೆ. ನಮ್ಮ ಸರ್ ಸದಾಶಿವ ಪೇಠೆಯ ಮರಾಠಿ ಮನುಷ್ಯ. ಮೈ ದುಡಿಯುವಾಗ ಎದೆ, ಉಸಿರು, ಸ್ನಾಯು ಏನು ಮಾಡುತ್ತವೆ ಎಂಬುದು ಅವರ ಅಧ್ಯಯನದ ವಿಷಯ. ಉಳಿದವರು ಆಟಗಾರರನ್ನು ಓಡಿಸಿ ಅಳೆಯುತ್ತಿದ್ದರು. ಇವರಿಗೆ ಕಟ್ಟಡದ ಕೂಲಿಯವರೇ ಬೇಕು. ಅವರೋ ಹೆಚ್ಚಾಗಿ ಕಲಬುರ್ಗಿ, ಯಾದಗಿರಿ ಕಡೆಯವರು. ಕನ್ನಡ ಬಲ್ಲವನೆಂದು ನನ್ನನ್ನು ಎಲ್ಲಿಗೂ ಜೊತೆಗೆ ಕರೆದೊಯ್ಯುತ್ತಿದ್ದರು. ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲಿ.

ಸರ್ ಈಗಿಲ್ಲ. ಹೊಸ ಕಟ್ಟಡದ ಮುಂದೆ ಬಸ್ಸು ನಿಂತರೆ ಇವತ್ತಿಗೂ ಪಕ್ಕದ ಸೀಟಿನ ಕಡೆ ತಿರುಗುತ್ತೇನೆ.

ಚೀಲದ ಉಸಿರು

ತೊಂಬತ್ತರ ದಶಕದಲ್ಲಿ ನಮ್ಮ ಸಲಕರಣೆಯೆಂದರೆ ಬಾಯಿಗೊಂದು ಮುಖವಾಡ, ಅದರ ಕೊಳವೆಗೊಂದು ದೊಡ್ಡ ಚೀಲ. ಕೆಲಸಗಾರ ಬಿಟ್ಟ ಉಸಿರು ಚೀಲ ಸೇರಬೇಕು, ಅದನ್ನು ನಾವು ಪ್ರಯೋಗಾಲಯಕ್ಕೆ ಒಯ್ಯಬೇಕು. ಪುಣೆಯ ಅಂಚಿನ ಹಡಪಸರದಲ್ಲಿ ಒಂದು ದಿನ ಉಬ್ಬಿದ ಚೀಲವನ್ನು ರಿಕ್ಷಾದೊಳಗೆ ತುರುಕುತ್ತಿದ್ದಾಗ ಮುದುಕ ಕೂಲಿಯೊಬ್ಬ ತಂಬಾಕು ತಿಕ್ಕುತ್ತ ಬಂದ.

"ಏನ್ ಒಯ್ಲಾಕತ್ತೀರಿ ಸಾಹೇಬ್ರ?"

"ಆ ಗಾರೆ ಕಲಸುವ ಹುಡುಗನ ಉಸಿರು" ಎಂದೆ.

"ಒಯ್ರಿ, ಒಯ್ರಿ. ಬೆವರು ಮೇಸ್ತ್ರಿ ಒಯ್ದ. ಉಳಿದಿದ್ದು ಅದೊಂದ ಇತ್ತು."

ಒಂದು ಅಕ್ಷರ

ಉಸಿರನ್ನು ಯಂತ್ರ ಅಳೆಯುತ್ತದೆ. ದಣಿವನ್ನು ದಣಿದವರೇ ಹೇಳಬೇಕು. ಅದಕ್ಕಿದ್ದ ಅಳತೆಪಟ್ಟಿ ಇಂಗ್ಲಿಷಿನದು. ಕೂಲಿಯವರ ಮಾತಿನಲ್ಲೇ ಹೊಸ ಪಟ್ಟಿ ಮಾಡಬೇಕು, ಆಸ್ಪತ್ರೆಗಳಲ್ಲಿ ಅದು ಬಳಕೆಗೆ ಬರಬೇಕು ಎಂಬುದು ಸರ್ ಅವರ ಜೀವದ ಆಸೆ. ಪ್ರಶ್ನೆಯನ್ನು ತಾವೇ ಕನ್ನಡದಲ್ಲಿ ಕೇಳಬೇಕೆಂಬ ಹಟ ಬೇರೆ. "ದಣದ್ಯೇನವ್ವಾ?" ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದೆ.

ಇಟ್ಟಿಗೆ ಬುಟ್ಟಿ ಹೊತ್ತು ಬಂದ ಹೆಂಗಸಿನ ಮುಂದೆ ನಿಂತು ಸರ್ ಕೇಳಿದರು: "ದಣಿ ಆದ್ಯೇನವ್ವಾ?"

ದಣಿದೆಯಾ ಎನ್ನಲು ಹೋಗಿ ಮಾಲೀಕಳಾದೆಯಾ ಎಂದಿದ್ದರು. ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾ ದಣಿ ಆಗಿದ್ರ ಈ ಬುಟ್ಟಿ ನಿಮ್ಮ ತಲಿ ಮ್ಯಾಲ ಇರ್ತಿತ್ರೀ!"

ಯವ್ವಾ

ಅಂತೂ ಪಟ್ಟಿ ಸಿದ್ಧವಾಯಿತು. ಕೆಳಗಿನ ಮೆಟ್ಟಿಲು "ಏನಿಲ್ರಿ", ತುದಿಯದು "ಯವ್ವಾ". ಬುಟ್ಟಿ ಇಳಿಸುವಾಗ ಎಲ್ಲರ ಬಾಯಲ್ಲೂ ಬರುತ್ತಿದ್ದದ್ದು ಅದೇ. ಪ್ರತಿ ಮಾತಿನ ಕೆಳಗೆ ಮರಾಠಿ ಅರ್ಥ.

ಸಮ್ಮೇಳನವೊಂದರಲ್ಲಿ ಸರ್ ಅದನ್ನು ತೋರಿಸಿದಾಗ ಉತ್ತರ ಭಾರತದ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, "ಅಳತೆಗೆ ವಿಜ್ಞಾನಿಗಳ ಹೆಸರಿಡುವುದು ಒಳ್ಳೆಯ ರೂಢಿ. ಈ ಯವ್ವಾ ಯಾರು?" ಎಂದರು.

ಸರ್ ಹಿಂದಿನ ಸಾಲಿನಲ್ಲಿದ್ದ ನನ್ನತ್ತ ಕೈ ತೋರಿಸಿದರು. "ಅವನ ತಾಯಿ."

ಊಟದ ಹೊತ್ತಿಗೆ ಇಬ್ಬರು ಬಂದು, ತಾಯಿಯವರು ಯಾವ ವಿಶ್ವವಿದ್ಯಾಲಯದಲ್ಲಿದ್ದಾರೆ ಎಂದು ವಿಚಾರಿಸಿದರು.

ದೊಡ್ಡವರು

ಪ್ರಬಂಧ ಅಚ್ಚಾಯಿತು. ಪಟ್ಟಿಯನ್ನು ಯಾರೂ ಬಳಸಿದಂತೆ ಕಾಣಲಿಲ್ಲ. ನಿವೃತ್ತರಾದ ಮೇಲೂ ಭೇಟಿಯಾದಾಗಲೆಲ್ಲ ಸರ್ ಕೇಳುತ್ತಿದ್ದರು: "ಎಲ್ಲಾದರೂ ಕಂಡೆಯಾ?"

"ಇಲ್ಲ ಸರ್."

ಆಮೇಲೆ ಚಹಾ ಕುಡಿಯುತ್ತಿದ್ದೆವು.

ಕೆಲವು ವರ್ಷಗಳ ನಂತರ ಅವರ ಎದೆಗೇ ಶಸ್ತ್ರಚಿಕಿತ್ಸೆಯಾಯಿತು. ನಡಿಗೆಯ ಅಭ್ಯಾಸಕ್ಕೆಂದು ಹಡಪಸರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಎಲ್ಲರನ್ನೂ ಟ್ರೆಡ್‌ಮಿಲ್ ಹತ್ತಿಸಿದವರು ಆವತ್ತು ತಾವೇ ಹತ್ತಿದರು. ಎದುರಿನ ಗೋಡೆಯ ಮೇಲೆ ನಮ್ಮ ಪಟ್ಟಿ ತೂಗುತ್ತಿತ್ತು. ಮಾಡಿದವರ ಹೆಸರಿರಲಿಲ್ಲ. ಅಲ್ಲಿಗೆ ಕನ್ನಡದ ಕೂಲಿಯವರು ಬಹಳ ಬರುತ್ತಾರಂತೆ.

ಸರ್ ಅದನ್ನೇ ನೋಡುತ್ತ ನಡೆದರು. ಕಣ್ಣು ತುಂಬಿ ಬಂತು. ವ್ಯಾಯಾಮ ಮಾಡಿಸುವ ಹುಡುಗಿ ಗಾಬರಿಯಿಂದ ಯಂತ್ರ ನಿಲ್ಲಿಸಿ, ಅಜ್ಜನನ್ನು ಮಾತಾಡಿಸುವಂತೆ ಮರಾಠಿಯಲ್ಲಿ ಕೇಳಿದಳು.

"ಆಜೋಬಾ, ಎಷ್ಟು ದಣಿವಾಯಿತು? ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿ."

"ನಡುವಿನ ಮೆಟ್ಟಿಲಿನ ಮರಾಠಿ ಸರಿಯಿಲ್ಲ" ಎಂದರು ಸರ್.

"ಆಜೋಬಾ, ಅದನ್ನು ಬಹಳ ದೊಡ್ಡವರು ಮಾಡಿದ್ದಾರೆ. ನೀವು ಸುಮ್ಮನೆ ಬೆರಳಿಡಿ."

ನಾನು ಬಾಯಿ ತೆರೆದೆ. ಸರ್ ಕಣ್ಣಲ್ಲೇ ತಡೆದರು. ವಿಧೇಯರಾಗಿ "ಏನಿಲ್ರಿ" ಮೇಲೆ ಬೆರಳಿಟ್ಟರು.

ಹೊರಡುವಾಗ ಮೊಳೆಗೆ ಸಿಕ್ಕಿಸಿದ್ದ ತಮ್ಮ ಬಟ್ಟೆ ಚೀಲವನ್ನು ತೆಗೆದು, ಆ ಹುಡುಗಿಯ ಎದುರಿಗೇ ನನ್ನ ತಲೆಯ ಮೇಲಿಟ್ಟು, ಕನ್ನಡದಲ್ಲಿ ಹೇಳಿದರು:

"ದಣಿ ಆದೆ."