ಸಿಪಾಯಿ ಊಟವೂ ಅತ್ತೆಯ ಕೊಪ್ಪರಿಗೆಯೂ

ಎವರಿಸ್ತೊಗೆ ಚಂಡಮಾರುತದ ಭಯವಿರಲಿಲ್ಲ. ಭಯವೆಲ್ಲ ಅತ್ತೆಯ ಕೊಪ್ಪರಿಗೆಯದು.

ಅರೋಯೊ ಊರಿನ ಆ ಬೀದಿಯಲ್ಲಿ ಗಟ್ಟಿ ತಾರಸಿ ಇದ್ದದ್ದು ಅತ್ತೆ ದೋನ್ಯಾ ಪ್ರೊವಿಯವರ ಮನೆಗೊಂದಕ್ಕೇ. ಗಾಳಿ ಎದ್ದರೆ ಇಡೀ ಬೀದಿ ಅಲ್ಲಿ ಬಂದು ಕೂರುತ್ತಿತ್ತು. ಕರೆಂಟು ಹೋದರೇನು, ಗ್ಯಾಸಿತ್ತಲ್ಲ! ಅತ್ತೆ ಕೊಪ್ಪರಿಗೆ ತುಂಬ ತೊಗರಿಕಾಳಿನ ಅನ್ನ ಮಾಡುತ್ತಿದ್ದರು, ಬೀದಿ ಉಣ್ಣುತ್ತಿತ್ತು. ತಿಕ್ಕುವವನು ಮಾತ್ರ ಅಳಿಯ, ನಲ್ಲಿಯಲ್ಲಿ ನೀರಿಲ್ಲದ ಹೊತ್ತಿನಲ್ಲಿ, ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು.

ಸಂಜೆಗೆ ಚಂಡಮಾರುತ ಎಂದು ಬೆಳಿಗ್ಗೆ ರೇಡಿಯೋ ಹೇಳಿದ್ದೇ ತಡ, ಎವರಿಸ್ತೊ ಎದೆ ಸೆಟೆಸಿ ನಿಂತ.

“ಅತ್ತೆ, ಈ ಸಲ ಒಲೆ ಹಚ್ಚೋದೇ ಬೇಡ. ಸಿಪಾಯಿಗಳು ತಿಂತಾರಲ್ಲ, ಆ ಪೊಟ್ಟಣದ ಊಟ ತರ್ತೀನಿ. ತಿಂದು ಬಿಸಾಕಿದ್ರಾಯ್ತು.”

“ಬೀದಿಗೆ ಹಿಡಿಸಿದ್ರೆ ಗಾಳಿ ದಿನ ನಾನಿನ್ನು ಅಡುಗೇನೇ ಮಾಡಲ್ಲ. ಹಿಡಿಸ್ದೇ ಇದ್ರೆ, ನಾನು ಸಾಯೋತನಕ ಕೊಪ್ಪರಿಗೆ ನಿಂದೇ ಅಳಿಯ.”

ಬೆಟ್ಟ ಹತ್ತುವವರಿಗೆ ಸಾಮಾನು ಮಾರುವ ಅಂಗಡಿಗೆ ಅವನು ಹೊರಟರೆ, ಕರೆಯದೆ ಇಬ್ಬರು ಹಿಂದೆ ಬಿದ್ದರು. ಒಬ್ಬರು ಎದುರುಮನೆಯ ಮುದುಕ ದೊನ್ ಹೆನಾರೊ, ಇನ್ನೊಬ್ಬಳು ಪಕ್ಕದಮನೆಯ ಮಿಗ್ದಾಲಿಯಾ.

“ಭಾರ ಇರೋದನ್ನೇ ತಗೊಳೋ, ಹೊಟ್ಟೆ ತುಂಬುತ್ತೆ,” ಎಂದರು ಮುದುಕ.

“ಇದರ ಚಿತ್ರ ನೋಡು, ಎಷ್ಟು ಚೆಂದ!” ಎಂದಳು ಮಿಗ್ದಾಲಿಯಾ.

“ಅದು ಮೊಟ್ಟೆದು ಕಣಮ್ಮ. ಅದನ್ನ ತಿಂದ ಸಿಪಾಯಿ ಶತ್ರು ಕಡೆ ಸೇರ್ಕೋತಾನೆ,” ಎಂದರು ಮುದುಕ.

ಬಿಸಿನೀರು ಸುರಿಯಬೇಕಾದ ಪೊಟ್ಟಣಗಳನ್ನು ಎವರಿಸ್ತೊ ಮುಟ್ಟಲೇ ಇಲ್ಲ. ನೀರು ಕಾಯಿಸಲು ಪಾತ್ರೆ ಬೇಕು, ಪಾತ್ರೆ ಎಂದರೆ ತಿಕ್ಕುವುದು. ಹಂದಿಮಾಂಸ, ಕಾಳು, ಅನ್ನ ಇದ್ದು, ತಣ್ಣೀರು ಹಾಕಿದರೆ ತಾನೇ ಬಿಸಿಯಾಗುವ ಜಾತಿಯದನ್ನೇ ಆರಿಸಿ ಎರಡು ಪೆಟ್ಟಿಗೆ ಹೊತ್ತು ತಂದ.

ಸಂಜೆ ಗಾಳಿ ಊಳಿಟ್ಟಿತು, ಕರೆಂಟು ಹೋಯಿತು, ಬೀದಿ ಬಂದು ಕೂತಿತು. ಎವರಿಸ್ತೊ ಮೊದಲ ಪೊಟ್ಟಣಕ್ಕೆ ನೀರು ಹಾಕಿದ. ಅದು ಬುಸ್ಸೆಂದು ಹಬೆ ಉಗುಳಿದ್ದೇ, ಮಿಗ್ದಾಲಿಯಾ ಮೇಜಿನಡಿ ನುಗ್ಗಿದಳು.

“ಮನೆಹಾಳ! ಬಾಂಬು ತಂದಿದಾನೆ!”

ದೊನ್ ಹೆನಾರೊ ಅದರ ಮೇಲೆ ಒದ್ದೆ ಗೋಣಿ ಎಸೆದರು. ಗೋಣಿ ಬಿದ್ದದ್ದು ಎವರಿಸ್ತೊನ ತಲೆ ಮೇಲೆ. ಅಷ್ಟರಲ್ಲಿ ಘಮ ಹರಡಿತು. ಮೇಜಿನಡಿಯಿಂದ ಮೊದಲು ಮೂಗು ಬಂತು, ಆಮೇಲೆ ಮಿಗ್ದಾಲಿಯಾ ಬಂದಳು. ಎಲ್ಲರ ಕೈಗೂ ಒಂದೊಂದು ಪೊಟ್ಟಣ ಹೋಯಿತು.

“ಅಯ್ಯೋ ದೇವ್ರೇ, ಏನು ರುಚಿನೋ!” ಎಂದರು ಮುದುಕ, ಪೊಟ್ಟಣದ ಮೂಲೆ ನೆಕ್ಕುತ್ತ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಎವರಿಸ್ತೊನ ಕಣ್ಣಲ್ಲಿ ನೀರೇ ಬಂತು. ಮದುವೆ ದಿನವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ.

ಅತ್ತೆ ಚಮಚ ಕೆಳಗಿಟ್ಟರು. “ನಾನು ಸೋತೆ ಅಳಿಯ. ಊಟ ಚೆನ್ನಾಗಿದೆ. ಆದ್ರೆ ಪೆಗಾವ್ ಎಲ್ಲಿ?”

ಚಪ್ಪಾಳೆ ನಿಂತಿತು. ಪೆಗಾವ್ ಎಂಬ, ಪಾತ್ರೆಯ ತಳ ಹಿಡಿದ ಅನ್ನದ ಗರಿಗರಿ ಸೀಕಲಿಗಾಗಿ ಅಣ್ಣತಮ್ಮಂದಿರೇ ಹೊಡೆದಾಡುವ ಊರು ಅದು. “ಹೌದಲ್ವಾ, ಪೆಗಾವ್ ಇಲ್ದೆ ಊಟ ಹೇಗೆ ಮುಗಿಯುತ್ತೆ?” ಎಂದಳು ಮಿಗ್ದಾಲಿಯಾ.

ಎವರಿಸ್ತೊ ತಡೆಯುವಷ್ಟರಲ್ಲಿ ಅತ್ತೆ ಉಳಿದ ಪೆಟ್ಟಿಗೆಯ ಪೊಟ್ಟಣಗಳನ್ನೆಲ್ಲ ಹರಿದು ಕೊಪ್ಪರಿಗೆಗೆ ಸುರಿದು, ಗ್ಯಾಸು ಜೋರು ಮಾಡಿದ್ದರು.

“ಅತ್ತೆ! ಅಡುಗೆ ಮಾಡಲ್ಲ ಅಂತ ಮಾತು ಕೊಟ್ಟಿದ್ರಿ!”

“ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು. ಅಡುಗೆ ಆಗೇ ಬಂದಿದೆಯಲ್ಲ? ನಾನು ಬರೀ ಸೀಯಿಸ್ತಿದೀನಿ.”

ಅಂಥ ಪೆಗಾವ್ ಆ ಬೀದಿ ಕಂಡಿರಲಿಲ್ಲ. ಸೌಟು ಬಾಗುವಷ್ಟು ಗಟ್ಟಿಯಾಗಿ ತಳ ಕಚ್ಚಿತ್ತು. ತಿಂದು ತೇಗಿದ ಜನ ಎವರಿಸ್ತೊನನ್ನು ಹೆಗಲ ಮೇಲೆ ಹೊತ್ತು, ಜೈಕಾರ ಹಾಕುತ್ತ ಮನೆಯೆಲ್ಲ ಸುತ್ತಿಸಿದರು.

ಗಾಳಿ ಇಳಿದ ಮೇಲೆ ಅದೇ ಜೈಕಾರದೊಂದಿಗೆ ಹಿತ್ತಿಲಿಗೆ ಒಯ್ದು, ಕೊಪ್ಪರಿಗೆಯ ಪಕ್ಕದಲ್ಲಿ ಇಳಿಸಿ, ಕೈಗೆ ತೆಂಗಿನ ನಾರು ಕೊಟ್ಟರು.